ಫಿಲ್ಟರ್ ನೀರು ಕುಡಿದ ಕಾರು

ಒಂದು ಗೇಣುದ್ದದ ಕಾರು ಅದು. ನಾಲ್ಕು ಚಕ್ರ, ಸ್ಟಿಯರಿಂಗ್ ಇಲ್ಲ, ಸೀಟಿಲ್ಲ. ಸೀಟಿರಬೇಕಾದ ಜಾಗದಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಕೊಳವೆ, ಅವುಗಳ ನಡುವೆ ಬೆಂಕಿಪೊಟ್ಟಣದ ಗಾತ್ರದ ಒಂದು ಚೌಕ ಬಿಲ್ಲೆ. ಚಿತ್ರದುರ್ಗದ ನಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿಗೆ ಅದು ಬಂದ ದಿನ ಡಬ್ಬಿ ಬಿಚ್ಚಿದವನು ನಾನೇ. ಅಲ್ಲಿ ನಾನು ಲ್ಯಾಬ್ ಅಟೆಂಡರ್. ಇಪ್ಪತ್ತು ವರ್ಷದಿಂದ ಬೀಕರ್ ತೊಳೆದಿದ್ದೇನೆ, ಆಸಿಡ್ ಅಳೆದು ಕೊಟ್ಟಿದ್ದೇನೆ, ಪಿಪೆಟ್ ಒಡೆದ ಹುಡುಗರ ಮೇಲೆ ಮೇಷ್ಟ್ರುಗಳಿಗಿಂತ ಜೋರಾಗಿ ಕೂಗಾಡಿದ್ದೇನೆ. ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಹೆಂಡತಿ ಹೇಳುತ್ತಾಳೆ. ಸುಳ್ಳೇನಲ್ಲ.

ಡಬ್ಬಿ ತರಿಸಿದವರು ಹೊಸದಾಗಿ ಬಂದ ಕೆಮಿಸ್ಟ್ರಿ ಮೇಡಂ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ನನ್ನನ್ನು ಅಣ್ಣ ಅನ್ನುತ್ತಾರೆ. "ಅಣ್ಣ, ನಿಮ್ಮ ಡಿಸ್ಟಿಲ್ಡ್ ವಾಟರ್ ತಗೊಂಬನ್ನಿ," ಅಂದರು. ಭಟ್ಟಿ ಇಳಿಸಿದ ಆ ನೀರು ತಯಾರಿಸುವುದು ನನ್ನದೇ ಕೆಲಸ. ಕಾಯಿಸಿ, ಆವಿ ಮಾಡಿ, ಆ ಆವಿಯನ್ನು ತಣಿಸಿ, ಹನಿಹನಿಯಾಗಿ ಹಿಡಿದ ನೀರು. ಅದರಲ್ಲಿ ಉಪ್ಪಿಲ್ಲ, ಸುಣ್ಣವಿಲ್ಲ, ರುಚಿಯೂ ಇಲ್ಲ. ಅದನ್ನು ಸಿರಿಂಜಿನಿಂದ ಬಿಲ್ಲೆಗೂ ಕೊಳವೆಗಳಿಗೂ ತುಂಬಿ, ಅಂಗೈಯಗಲದ ಒಂದು ಸೋಲಾರ್ ಪ್ಯಾನಲ್ಲಿನ ವೈರುಗಳನ್ನು ಸಿಕ್ಕಿಸಿ, ಕಿಟಕಿಯ ಬಿಸಿಲಿಗೆ ಇಟ್ಟೆವು.

ಗುಳ್ಳೆ! ಒಂದು, ಎರಡು, ಆಮೇಲೆ ಸಾಲುಸಾಲು. ಬಿಸಿಲಿನ ಕರೆಂಟು ನೀರನ್ನು ಒಡೆಯುತ್ತಿತ್ತು. ಒಂದು ಕೊಳವೆಯಲ್ಲಿ ಆಮ್ಲಜನಕ, ಇನ್ನೊಂದರಲ್ಲಿ ಅದರ ಎರಡರಷ್ಟು ಜಲಜನಕ. ನೀರಿನ ಸೂತ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಒರೆಸಿದ್ದೇನೋ ಲೆಕ್ಕವಿಲ್ಲ. ಅಲ್ಲಿರುವ ಆ ಎರಡು ಅನ್ನುವುದನ್ನು ಕಣ್ಣಾರೆ ಕಂಡದ್ದು ಅವತ್ತೇ. ಮೇಡಂ ಪ್ಯಾನಲ್ ಕಿತ್ತು, ಅದೇ ವೈರುಗಳನ್ನು ಕಾರಿನ ಮೋಟರಿಗೆ ಸಿಕ್ಕಿಸಿದರು. ಕಾರು ಟೇಬಲ್ಲಿನ ಮೇಲೆ ಸುಯ್ಯೆಂದು ಹೊರಟೇಬಿಟ್ಟಿತು. ಅಂಚಿನಿಂದ ಇನ್ನೇನು ಬೀಳಬೇಕು, ಹಾರಿ ಹಿಡಿದುಕೊಂಡೆ. "ಅಯ್ಯಯ್ಯಪ್ಪ!" ಅಂತ ನಾನು ಕಿರುಚಿದ್ದು ಪಕ್ಕದ ಫಿಸಿಕ್ಸ್ ಲ್ಯಾಬಿಗೂ ಕೇಳಿಸಿತಂತೆ.

"ನೀರು ಒಡೆಯೋಕೆ ಕರೆಂಟ್ ಕೊಟ್ವಿ ಅಲ್ವಾ ಅಣ್ಣ? ಈಗ ಎರಡೂ ಗ್ಯಾಸು ಆ ಬಿಲ್ಲೆಯೊಳಗಿನ ಪೊರೆ ಹತ್ರ ಸೇರ್ಕೊಂಡು ಮತ್ತೆ ನೀರಾಗ್ತಾ ಇವೆ. ಆಗ್ತಾ ಆಗ್ತಾ ಕರೆಂಟನ್ನ ವಾಪಸ್ ಕೊಡ್ತಾ ಇವೆ. ಇದೇ ಫ್ಯುಯಲ್ ಸೆಲ್ಲು," ಅಂದರು ಮೇಡಂ. ನಾನು ಮತ್ತೆ ಓಡಿಸಿ ಅಂದೆ. ಅವತ್ತು ಹನ್ನೊಂದು ಸಲ ಓಡಿಸಿದೆವು.

ಅಲ್ಲಿಂದ ಮೇಡಂಗೆ ಒಂದು ಹುಚ್ಚು ಹಿಡಿಯಿತು, ನನಗೂ ಹಿಡಿಯಿತು ಅನ್ನಿ. ಪ್ರಿನ್ಸಿಪಾಲರ ಒಪ್ಪಿಗೆ ಪಡೆದು, ಶನಿವಾರ ಶನಿವಾರ ಜಿಲ್ಲೆಯ ಹೈಸ್ಕೂಲುಗಳಿಗೆ ಕಾರನ್ನು ಹೊತ್ತುಕೊಂಡು ಹೋಗಿ ತೋರಿಸುವುದು. ಮೊದಲು ಹಿರಿಯೂರಿನ ಕಡೆ ಹರಿಯಬ್ಬೆ, ಆಮೇಲೆ ಹೊಸದುರ್ಗ, ಆಮೇಲೆ ರಾಮಗಿರಿ, ಕೊನೆಗೆ ಚಿಕ್ಕಜಾಜೂರು. ಪಾಠ ಮೇಡಂದು. ಡಬ್ಬಿ, ನೀರು, ಪ್ಯಾನಲ್ಲು, ಬಟ್ಟೆ ನನ್ನದು.

ಹರಿಯಬ್ಬೆಯಲ್ಲಿ ಶಾಲೆಯ ಹೊರಗೆ ಕುರಿ ಮೇಯಿಸುತ್ತಿದ್ದ ಅಜ್ಜ ಒಬ್ಬರು ಮಕ್ಕಳ ಕೇಕೆ ಕೇಳಿ ಒಳಗೇ ಬಂದುಬಿಟ್ಟರು. ಕಂಬಳಿ ಹೆಗಲ ಮೇಲೆ, ಕೈಯಲ್ಲಿ ಕೋಲು. ಕಾರನ್ನು ಎತ್ತಿ, ತಿರುವಿ, ತಳವನ್ನು ಉಗುರಿನಿಂದ ಕೆದಕಿದರು.

"ನೀರಿಂದ ಓಡ್ತೈತೆ ಅಂದ್ರೆ ನಂಬೋನು ನಾನಲ್ಲ. ಬ್ಯಾಟ್ರಿ ಸೆಲ್ಲು ಎಲ್ಲಿ ಬಚ್ಚಿಟ್ಟೀಯಪ್ಪ, ನಿಜ ಹೇಳು."

"ಸೆಲ್ಲಿಲ್ಲ ಕಣಜ್ಜ. ನೀನೇ ಓಡ್ಸು," ಅಂದೆ. ಅಜ್ಜ ತಮ್ಮ ಕೈಯಾರೆ ವೈರು ಸಿಕ್ಕಿಸಿದರು, ಕಾರು ಅವರ ಕಾಲ ಸಂದಿಯಿಂದ ನುಗ್ಗಿ ಹೋಯಿತು. ಅಜ್ಜ ಎರಡು ಹೆಜ್ಜೆ ಹಿಂದೆ ಹಾರಿದರು. ಕಾರು ನಿಂತ ಮೇಲೆ ಬಗ್ಗಿ ಮೂಸಿ ನೋಡಿದರು. "ಹೊಗೆ ಇಲ್ಲ, ವಾಸ್ನೆ ಇಲ್ಲ, ಒಂದು ಹನಿ ನೀರು ಉಚ್ಚೆ ಹೊಯ್ದಂಗೆ ಬಿಡ್ತೈತೆ. ನನ್ನ ಮರಿಗಳಿಗಿಂತ ವಾಸಿ ಬಿಡು!" ಅಂದರು. ಮೇಡಂ ನಕ್ಕು ನಕ್ಕು ಬೆಂಚಿನ ಮೇಲೆ ಕೂತೇಬಿಟ್ಟರು.

ತಪ್ಪು ನಡೆದದ್ದು ಹೊಸದುರ್ಗದಿಂದ ಬರುವಾಗ, ಅದನ್ನು ಮಾಡಿದವನು ನಾನು. ಬಸ್ಸಿನ ಕುಲುಕಾಟಕ್ಕೆ ಡಿಸ್ಟಿಲ್ಡ್ ವಾಟರಿನ ಗಾಜಿನ ಬಾಟಲಿ ಬಿರುಕು ಬಿಟ್ಟಿತ್ತು. ಒಂದು ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿಯನ್ನು ಚೆನ್ನಾಗಿ ಗಲಬರಿಸಿ, ಉಳಿದ ನೀರನ್ನು ಅದಕ್ಕೆ ತುಂಬಿದೆ. ಮುಂದಿನ ವಾರ ರಾಮಗಿರಿಗೂ ಅದರಲ್ಲೇ ಹೊಸ ನೀರು ಒಯ್ದೆ.

"ಅಣ್ಣ, ಕುಡಿಯೋ ಬಾಟ್ಲಿ ಬೇಡ. ಬೇರೆ ತಗೊಳ್ಳಿ, ಇಲ್ಲ ಒಂದು ಚೀಟಿನಾದ್ರೂ ಅಂಟಿಸಿ," ಅಂದಿದ್ದರು ಮೇಡಂ.

"ಮೇಡಂ, ಇಪ್ಪತ್ತು ವರ್ಷ ಇದೇ ಮಾಡೀನಿ. ನನಗೆ ಹೇಳ್ಕೊಡಬ್ಯಾಡ್ರಿ," ಅಂದುಬಿಟ್ಟೆ. ಲ್ಯಾಬಿನ ಮೊದಲನೇ ಪಾಠವೇ ಅದು, ಕುಡಿಯುವ ಬಾಟಲಿಗೆ ಇನ್ನೇನನ್ನೂ ಹಾಕಬಾರದು. ಅದನ್ನು ಹುಡುಗರಿಗೆ ಗಂಟಲು ಹರಿಯುವ ಹಾಗೆ ಹೇಳುತ್ತಿದ್ದವನೂ ನಾನೇ.

ಚಿಕ್ಕಜಾಜೂರು ನಾವು ಆಗ ಇದ್ದ ಊರು. ಹೆಂಡತಿಗೆ ರೈಲ್ವೆಯಲ್ಲಿ ಕೆಲಸ, ಆ ವರ್ಷ ಜೂನ್‌ನಲ್ಲಿ ಅಲ್ಲಿನ ಜಂಕ್ಷನ್‌ಗೆ ವರ್ಗವಾಗಿತ್ತು. ಮಗಳು ಅಲ್ಲೇ ಒಂಬತ್ತನೇ ಕ್ಲಾಸಿಗೆ ಹೊಸದಾಗಿ ಸೇರಿದ್ದಳು. ನಾನು ದಿನಾ ಚಿತ್ರದುರ್ಗಕ್ಕೆ ಹೋಗಿ ಬರುತ್ತಿದ್ದೆ. ಕಾರನ್ನು ಅವಳ ಶಾಲೆಗೇ ಒಯ್ಯುವುದು ಅಂತಾದಾಗ ಮನೆಯಲ್ಲಿ ಎಲ್ಲರಿಗಿಂತ ಕುಣಿಯಬೇಕಾದವಳು ಅವಳು. ಕುಣಿಯಲಿಲ್ಲ. ಆ ಶನಿವಾರ ಬೆಳಿಗ್ಗೆ ನಾನು ಷರ್ಟಿಗೆ ಇಸ್ತ್ರಿ ಹಾಕುತ್ತಿದ್ದಾಗ ಹತ್ತಿರ ಬಂದು ನಿಂತಳು.

"ಅಪ್ಪ, ಇವತ್ತು ನೀನು ಬರಬ್ಯಾಡ. ಮೇಡಂ ಒಬ್ರೇ ಬರ್ಲಿ."

"ಯಾಕವ್ವ? ಏನಾತು?"

ಜಡೆ ತಿರುವಿದಳು. "ನೀನು ಕಾಲೇಜಲ್ಲಿ ಲೆಕ್ಚರರ್ ಅಂತ ಹೇಳಿಬಿಟ್ಟೀನಿ. ಎಲ್ಲಾರಿಗೂ. ನೀರಿಂದ ಕಾರ್ ಓಡ್ಸೋದು ನಮ್ಮಪ್ಪನೇ ಅಂತ."

ನನಗೆ ಎಲ್ಲಿತ್ತೋ ಸಿಟ್ಟು, ಬಂದೇಬಿಟ್ಟಿತು. "ಅಟೆಂಡರ್ ಅಂದ್ರೆ ನಿನ್ನ ಬಾಯಿಗೆ ಹುಳ ಬೀಳ್ತಿತ್ತಾ?" ಅಂತ ಕೂಗಿದೆ. ಅವಳು ಅಳಲಿಲ್ಲ, ಬ್ಯಾಗು ಹಾಕಿಕೊಂಡು ಹೊರಟುಹೋದಳು. ಹೆಂಡತಿ ಒಲೆಯ ಮುಂದಿನಿಂದಲೇ, "ಹೊಸ ಊರು, ಹೊಸ ಸ್ಕೂಲು. ಅದಕ್ಕೂ ಏನೋ ಒಂದು ಹೇಳ್ಕಬೇಕು ಅನ್ಸಿರುತ್ತೆ. ನೀವು ಹೋಗಿ ಅದರ ಮಾನ ಕಳೀಬ್ಯಾಡ್ರಿ ಮತ್ತೆ," ಅಂದಳು. ಮಾತು ಎದೆಗೆ ನಾಟಿತು. ಹೋಗದೆ ಇರುವ ಹಾಗಿಲ್ಲ, ಮೇಡಂ ಒಬ್ಬರೇ ಅಷ್ಟನ್ನೂ ಹೊರಲಾರರು. ಡಬ್ಬಿ ಇಳಿಸಿ, ಎಲ್ಲ ಜೋಡಿಸಿಕೊಟ್ಟು, ಹೊರಗಡೆ ಬೇವಿನ ಮರದ ಕೆಳಗೆ ಕೂತುಬಿಡಾಣ, ಬಾಯೇ ಬಿಡುವುದು ಬೇಡ ಅಂತ ತೀರ್ಮಾನಿಸಿಕೊಂಡೆ.

ಹಾಗೇ ಮಾಡಿದೆ. ಸ್ಟಾಫ್ ರೂಮಿನ ಟೇಬಲ್ಲಿನ ಮೇಲೆ ಸಾಮಾನಿಟ್ಟು, ಹೆಡ್‌ಮಾಸ್ಟರ ರೂಮಿಗೆ ಹೋಗಿ ಅವರು ಕೊಟ್ಟ ಟೀ ಕುಡಿದು, ಹುಡುಗರ ಕೈಯಲ್ಲಿ ಎಲ್ಲವನ್ನೂ ಶಾಲೆಯ ಹಾಲ್‌ಗೆ ಸಾಗಿಸಿ, ಮರದ ಕೆಳಗೆ ಕೂತೆ. ಕಿಟಕಿಯಿಂದ ಒಳಗಿನದೆಲ್ಲ ಕಾಣುತ್ತಿತ್ತು. ಮೂರನೇ ಸಾಲಿನಲ್ಲಿ ನನ್ನ ಮಗಳು, ಅವಳ ಪಕ್ಕದ ಹುಡುಗಿ ನನ್ನ ಕಡೆಗೆ ಬೆರಳು ಮಾಡಿ, ನಿಮ್ಮಪ್ಪನಾ ಅಂತಲೇ ಇರಬೇಕು, ಏನೋ ಕೇಳಿದಳು. ಮಗಳು ತಲೆ ತಗ್ಗಿಸಿದಳು. ನಾನೂ ಬೇರೆ ಕಡೆ ತಿರುಗಿ ಕೂತೆ.

ಮೇಡಂ ಚೆನ್ನಾಗಿ ಶುರು ಮಾಡಿದರು. ನೀರು ತುಂಬಿದರು, ಪ್ಯಾನಲ್ಲನ್ನು ಕಿಟಕಿಯ ಬಿಸಿಲಿಗೆ ಇಟ್ಟರು, ಮಕ್ಕಳೆಲ್ಲ ಎದ್ದು ನಿಂತರು. ಐದು ನಿಮಿಷವಾಯಿತು. ಹತ್ತಾಯಿತು. ಗುಳ್ಳೆ ಬರುತ್ತಿದ್ದುದು ಆಕಳಿಸಿದ ಹಾಗೆ, ಒಂದು ಬಂದರೆ ಇನ್ನೊಂದಿಲ್ಲ. ಹೇಗೋ ಕೂಡಿದಷ್ಟಕ್ಕೆ ವೈರು ಬದಲಾಯಿಸಿದರು. ಕಾರು ಒಂದು ಗೇಣು ತೆವಳಿ ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಲೇ, ಪೆಟ್ರೋಲ್ ಹಾಕ್ರಲೇ!" ಅಂದ ಒಬ್ಬ.

ಇನ್ನು ಕೂರಲಾಗಲಿಲ್ಲ, ಒಳಗೆ ನುಗ್ಗಿದೆ. ಬಾಟಲಿ ಎತ್ತಿ ನೋಡುತ್ತೇನೆ, ನಾನು ತಂದಾಗ ಅರ್ಧ ಇದ್ದದ್ದು ಕತ್ತಿನವರೆಗೆ ತುಂಬಿದೆ, ಮುಟ್ಟಿದರೆ ತಣ್ಣಗೆ ಕೊರೆಯುತ್ತಿದೆ, ಬಾಟಲಿಯ ಮೈಯೆಲ್ಲ ಬೆವರಿದೆ.

"ಇದಕ್ಕೆ ನೀರು ತುಂಬಿದ್ದು ಯಾರು?" ಅಂತ ಅಬ್ಬರಿಸಿದೆ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಬಿಸಿಯೂಟದ ಅಡುಗೆಯಕ್ಕ ಸಂತೋಷದಿಂದಲೇ ಮುಂದೆ ಬಂದರು. "ನಾನೇ ಕಣ್ರಿ. ಬಿಸಿಲಾಗೆ ಬಂದೀರ, ಬಾಟ್ಲಿ ನೀರು ಬಿಸಿ ಆಗಿತ್ತು. ಚೆಲ್ಲಿ, ತೊಳ್ದು, ತಣ್ಣನೆ ಫಿಲ್ಟರ್ ನೀರು ತುಂಬಿ ಇಟ್ಟೀನಿ."

ನಮ್ಮ ಕಡೆ ಬೋರ್‌ವೆಲ್ ನೀರು ಕಾಯಿಸಿದರೆ ಪಾತ್ರೆಯ ತಳಕ್ಕೆ ಬಿಳಿ ಹಕ್ಕಳೆ ಕಟ್ಟುತ್ತದೆ. ಅದಕ್ಕೇ ಊರೂರಿಗೂ ಒಂದು ಫಿಲ್ಟರ್ ನೀರಿನ ಘಟಕ, ಅಲ್ಲಿ ಸಾಲು ನಿಂತು ಕ್ಯಾನಲ್ಲಿ ತಂದ ನೀರೇ ನೀರು. ಮನೆಗೆ ಬಂದವರ ಬಾಟಲಿಯಲ್ಲಿ ಹಳೇ ನೀರಿದ್ದರೆ ಅದನ್ನು ಚೆಲ್ಲಿ, ಫಿಲ್ಟರ್ ನೀರು ತುಂಬಿಸಿ ಕಳಿಸುವುದು ನಮ್ಮ ಮರ್ಯಾದೆ. ನನ್ನ ಹೆಂಡತಿಯೂ ಮಾಡುತ್ತಾಳೆ, ನಾನೂ ಮಾಡಿದ್ದೇನೆ. ಆದರೆ ಆ ಗಳಿಗೆಯಲ್ಲಿ ಅದ್ಯಾವುದೂ ನೆನಪಾಗಲಿಲ್ಲ.

"ನಿಮಗೆ ಯಾರು ಹೇಳಿದ್ರು ತುಂಬೋಕೆ? ಬುದ್ಧಿ ಬ್ಯಾಡ್ವಾ? ಕಂಡೋರ ಸಾಮಾನು ಮುಟ್ತೀರಲ್ಲ! ಎಲ್ಲಾ ಹಾಳು ಮಾಡಿದ್ರಿ!" ಆಕೆಯ ಮುಖ ಸಪ್ಪಗಾಯಿತು. "ಗೊತ್ತಿರ್ಲಿಲ್ಲ ಕಣ್ರಿ... ಒಳ್ಳೇದಾಗ್ಲಿ ಅಂತ..." ಅಂದು ಸೆರಗಿನಿಂದ ಮೂಗೊರೆಸಿಕೊಳ್ಳುತ್ತಾ ಹೋದರು. ಮೂರನೇ ಸಾಲಿನಲ್ಲಿ ಮಗಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಬಾಟಲಿಯನ್ನು ಟೇಬಲ್ಲಿನ ಮೇಲಿಟ್ಟೆ. ಮೇಡಂ ಮೆಲ್ಲಗೆ, "ಬಿಡಿ ಅಣ್ಣ, ಇನ್ನೊಂದು ವಾರ ಬರೋಣ. ಇವತ್ತು ಬೇರೆ ನೀರೆಲ್ಲಿ ಸಿಗುತ್ತೆ?" ಅಂದರು. ಇನ್ನೊಂದು ವಾರ ಅಂದರೆ ಇವತ್ತು ಮಧ್ಯಾಹ್ನದಿಂದಲೇ ನನ್ನ ಮಗಳು ಆ ಶಾಲೆಯಲ್ಲಿ ಓಡದ ಕಾರಿನವನ ಮಗಳು, ಅಡುಗೆಯಕ್ಕನನ್ನು ಅಳಿಸಿದವನ ಮಗಳು.

ಆಗ ಅಡುಗೆಮನೆ ಕಡೆಯಿಂದ ಅನ್ನದ ಆವಿಯ ವಾಸನೆ ಬಂತು. ಆವಿ! ನನ್ನ ಲ್ಯಾಬಿನಲ್ಲಿ ಗಾಜಿನ ಕೊಳವೆ ಮಾಡುವ ಕೆಲಸವನ್ನು ಇಲ್ಲಿ ಡಬರಿ, ಮುಚ್ಚಳ ಮಾಡಲಾರವೇ?

"ಸಾರ್, ಅರ್ಧ ಗಂಟೆ ಟೈಂ ಕೊಡ್ರಿ," ಅಂದೆ ಹೆಡ್‌ಮಾಸ್ಟರಿಗೆ. ಅವರು ಸಮಾಧಾನದ ಮನುಷ್ಯ. "ಊಟದ ಬೆಲ್ ಬೇಗ ಹೊಡಿಸ್ತೀನಿ, ಅದಕ್ಕೇನಂತೆ," ಅಂದರು.

ಅಡುಗೆಮನೆಯಲ್ಲಿ ಅಕ್ಕ ಗೋಡೆಗೆ ಮುಖ ಮಾಡಿ ಸಾರು ತಿರುವುತ್ತಿದ್ದರು. ತಟ್ಟೆ ಹಿಡಿದ ಮಕ್ಕಳು ಬಾಗಿಲಿಗೆ ಮುತ್ತಿಕೊಂಡಿದ್ದರು, ಮಗಳೂ ಇದ್ದಳು. ಅಷ್ಟು ಜನರ ಮುಂದೆ ಬೈದದ್ದಕ್ಕೆ ಅಷ್ಟು ಜನರ ಮುಂದೆಯೇ ಹೇಳಬೇಕು ಅನ್ನಿಸಿತು.

"ಅಕ್ಕ, ತಪ್ಪು ನಿಮ್ದಲ್ಲ, ನಂದು. ಕುಡಿಯೋ ಬಾಟ್ಲಿಗೆ ಲ್ಯಾಬಿನ ನೀರು ಹಾಕ್ಕಂಡು ಬಂದೋನು ನಾನು. ಮೇಡಂ ಬ್ಯಾಡ ಅಂದ್ರೂ ಕೇಳ್ಲಿಲ್ಲ. ಸುಮ್ನೆ ನಿಮ್ಮ ಮ್ಯಾಲೆ ಹಾರಾಡಿದೆ. ಕ್ಷಮಿಸ್ರಿ."

ಅಕ್ಕ ತಿರುಗಿ ನೋಡಲಿಲ್ಲ. ಸೌಟನ್ನು ಡಬರಿಯ ಅಂಚಿಗೆ ಟಣ್ ಅಂತ ಬಡಿದು, "ಗಂಡಸ್ರ ಬಾಯಲ್ಲಿ ಈ ಮಾತು ಬರೋದೇ ಕಷ್ಟ. ಬಂತಲ್ಲ, ಸಾಕು ಬಿಡ್ರಿ. ಈಗ ಏನು ಬೇಕು ಹೇಳ್ರಿ," ಅಂದರು.

"ಒಂದು ತೊಳೆದ ಡಬರಿ, ಒಂದು ಸ್ಟೀಲ್ ಬಟ್ಲು, ನಡುವೆ ಹಿಡಿಯೋ ಗುಂಡಿ ಇರೋ ಮುಚ್ಚಳ."

ಡಬರಿಗೆ ನೀರು ಹಾಕಿ, ಒಳಗೆ ಬಳೆಯಂಥ ಒಂದು ಸ್ಟೀಲ್ ಸಿಂಬಿಯ ಮೇಲೆ ಬಟ್ಟಲು ಕೂರಿಸಿ, ಮುಚ್ಚಳವನ್ನು ಬೋರಲು ಮುಚ್ಚಿದೆ. ಹಿಡಿಯುವ ಗುಂಡಿ ಕೆಳಮುಖವಾಗಿ ಸರಿಯಾಗಿ ಬಟ್ಟಲಿನ ಮೇಲೆ ಬಂತು. ಒಲೆ ಹಚ್ಚಿ, ಮುಚ್ಚಳದ ಮೇಲೆ ತಣ್ಣೀರು ಸುರಿದೆವು. ಅಕ್ಕ ಚೊಂಬು ಹಿಡಿದು ನಿಂತು, ಮೇಲಿನ ನೀರು ಬಿಸಿಯಾದಂತೆಲ್ಲ ಬದಲಾಯಿಸುತ್ತಾ ಹೋದರು. "ಇಡ್ಲಿ ಬೇಯಿಸುವಾಗ ಮುಚ್ಚಳದಿಂದ ತೊಟ್ಟಿಕ್ತೈತಲ್ಲ, ಅದೇ ನೀರಾ ಇದು?" ಅಂದರು.

"ಅದೇ ಅಕ್ಕ! ಅದೇ!" ಅಂದೆ ನಾನು, ಖುಷಿ ತಡೆಯಲಾರದೆ.

ಕಿಟಕಿಯಿಂದ ಹುಡುಗರು ಪ್ರಶ್ನೆ ಎಸೆಯತೊಡಗಿದರು. ಫಿಲ್ಟರ್ ನೀರು ಯಾಕಾಗಲ್ಲ? ಕುಡಿಯೋಕೆ ಒಳ್ಳೇದಾದ್ರೆ ಕಾರಿಗೆ ಯಾಕೆ ಕೆಟ್ಟದ್ದು? ನಾನು ಬಾಯಿ ಬಿಡುವುದಿಲ್ಲ ಅಂದುಕೊಂಡವನು, ಕೈ ಆಡಿಸುತ್ತಾ ಹೇಳುತ್ತಿದ್ದೆ. ಫಿಲ್ಟರ್ ನೀರಿನಲ್ಲಿ ನಾಲಿಗೆಗೆ ಬೇಕಾದಷ್ಟು ಉಪ್ಪು, ಸುಣ್ಣ ಉಳಿದೇ ಇರುತ್ತದೆ. ಬಿಲ್ಲೆಯೊಳಗಿನ ಪೊರೆ ಬಹಳ ಸೂಕ್ಷ್ಮ, ಅದರ ದಾರಿಗಳಲ್ಲಿ ಅವು ಹೋಗಿ ಕೂತರೆ ಜಲಜನಕ ಹಾಯುವುದಕ್ಕೆ ಜಾಗವಿಲ್ಲ. ಬಸ್ಸಿನ ಬಾಗಿಲಲ್ಲೇ ನಾಲ್ಕು ಜನ ಮೂಟೆ ಇಟ್ಟು ನಿಂತ ಹಾಗೆ. ಆವಿ ಮೇಲೇರುವಾಗ ಮೂಟೆ ಹೊತ್ತುಕೊಂಡು ಹೋಗುವುದಿಲ್ಲ, ಅದಕ್ಕೇ ಈ ನೀರು. ತಿರುಗಿ ನೋಡಿದರೆ ಮೇಡಂ ಬಾಗಿಲಿಗೆ ಒರಗಿ ಕೇಳುತ್ತಿದ್ದರು.

ಮುಕ್ಕಾಲು ಲೋಟ ನೀರು ಸಿಕ್ಕಿತು. ಆರಿಸಿ, ಸಿರಿಂಜಿನಲ್ಲಿ ಬಿಲ್ಲೆಯನ್ನು ಮೂರು ಸಲ ತೊಳೆದು, ಮೇಡಂ ಕೈಗೆ ಕೊಡಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ. "ಇದು ನಿಮ್ಮ ನೀರು ಅಣ್ಣ. ನೀವೇ ತೋರಿಸಿ," ಅಂದವರೇ ಮಕ್ಕಳ ಕಡೆ ತಿರುಗಿ, "ಇವರು ನಮ್ಮ ಕಾಲೇಜಿನ—" ಅಂತ ಶುರು ಮಾಡಿದರು.

"ಮೇಡಂ, ಬಿಸಿಲು ಹೋಗಿಬಿಡ್ತೈತೆ!" ಅಂತ ನಡುವೆ ಬಾಯಿ ಹಾಕಿದೆ. ಆಕಾಶದಲ್ಲಿ ಒಂದು ಚೂರು ಮೋಡ ಇರಲಿಲ್ಲ.

ಅಂಗಳದ ಬಿಸಿಲಿಗೇ ಟೇಬಲ್ಲು ತಂದೆವು. ಪ್ಯಾನಲ್ ಸಿಕ್ಕಿಸಿದೆ. ಬಗ್ಗಿ ಕೊಳವೆ ನೋಡಿದೆ. ಒಂದು ಗುಳ್ಳೆ. ಸುಮ್ಮನಾಯಿತು. ಆಮೇಲೆ ಇನ್ನೊಂದು. ಆಮೇಲೆ, ಅಬ್ಬಾ, ಸಾಲು ಹಿಡಿದು ಬಂದವು ನೋಡಿ! "ಬಂತು ಬಂತು ಬಂತು!" ಅಂತ ಮಕ್ಕಳು. ಜಲಜನಕದ ಕೊಳವೆ ತುಂಬುವ ತನಕ ನಾನು ಮಾತಾಡುತ್ತಲೇ ಇದ್ದೆ. ನಮ್ಮ ಗುಡ್ಡಗಳ ಮೇಲೆ ಗಾಳಿ ಫ್ಯಾನು ತಿರುಗ್ತಾವಲ್ಲ, ಯಾರಿಗೂ ಬೇಡದ ಹೊತ್ತಲ್ಲೂ ತಿರುಗ್ತಾವೆ. ಆ ಕರೆಂಟಿಂದ ಹಿಂಗೇ ನೀರು ಒಡೆದು ಜಲಜನಕ ಕೂಡಿಟ್ಟುಕೊಂಡರೆ, ಗಾಳಿ ಇಲ್ಲದ ದಿನ ಅದೇ ಕರೆಂಟು ವಾಪಸ್ ಬರ್ತದೆ. ವೈರು ಬದಲಾಯಿಸಿ ಕಾರನ್ನು ನೆಲಕ್ಕಿಟ್ಟೆ.

ಕಾರು ಹೊರಟಿತು. ಒಂದು ಗೇಣಲ್ಲ, ಒಂದು ಮಾರಲ್ಲ, ಸಿಮೆಂಟು ಅಂಗಳದ ಈ ತುದಿಯಿಂದ ಆ ತುದಿಗೆ. ಧ್ವಜದ ಕಟ್ಟೆಗೆ ಡಿಕ್ಕಿ ಹೊಡೆದು, ತಿರುಗಿಸಿ ಬಿಟ್ಟರೆ ಮತ್ತೆ ಓಡಿತು. ಪೆಟ್ರೋಲ್ ಹಾಕ್ರಲೇ ಅಂದಿದ್ದವನೇ ಎಲ್ಲರಿಗಿಂತ ಮುಂದೆ ಅದರ ಹಿಂದೆ ಓಡುತ್ತಿದ್ದ. ಅಡುಗೆಯಕ್ಕ ಚೊಂಬು ಹಿಡಿದುಕೊಂಡೇ ಬಂದಿದ್ದರು. "ನನ್ನ ಡಬರಿ ನೀರು ಕಣ್ರಲೇ ಅದು!" ಅಂತ ಕೂಗಿದರು.

ಕಾರು ನಿಂತ ಮೇಲೆ ಮಕ್ಕಳು ಸುತ್ತುಗಟ್ಟಿದರು. ಮಗಳ ಪಕ್ಕ ಕೂತಿದ್ದ ಹುಡುಗಿ ಕೈಯೆತ್ತಿದಳು.

"ಸಾರ್, ಕಾಲೇಜಲ್ಲಿ ನೀವು ಯಾವ ಸಬ್ಜೆಕ್ಟ್ ತಗಳ್ತೀರ?"

ಮೇಡಂ ನನ್ನ ಮುಖ ನೋಡಿದರು. ಕೆಮಿಸ್ಟ್ರಿ ಅಂತ ಒಂದು ಮಾತು ಅಂದರೆ ಮುಗಿಯಿತು, ಮಗಳ ಮಾನ ಉಳಿಯುತ್ತದೆ. ಅನ್ನಲೋ ಬೇಡವೋ ಅಂತ ಇನ್ನೂ ತೂಗುತ್ತಿದ್ದೆ.

"ಸಬ್ಜೆಕ್ಟ್ ತಗಳಲ್ಲ," ಅಂತು ಒಂದು ದನಿ.

ಮಗಳು ಗುಂಪಿನಿಂದ ಮುಂದೆ ಬಂದಿದ್ದಳು. ಕಿವಿಯ ತುದಿ ಕೆಂಪಗಾಗಿತ್ತು, ದನಿ ಮಾತ್ರ ಇಡೀ ಅಂಗಳಕ್ಕೆ ಕೇಳುವಷ್ಟು ಜೋರಾಗಿತ್ತು. "ನಮ್ಮಪ್ಪ ಲೆಕ್ಚರರ್ ಅಲ್ಲ. ಲ್ಯಾಬ್ ಅಟೆಂಡರ್. ನಾನೇ ನಿಮಗೆಲ್ಲ ಸುಳ್ಳು ಹೇಳಿದ್ದು."

ಯಾರೂ ನಗಲಿಲ್ಲ. ಆ ಹುಡುಗಿ ನನ್ನನ್ನೊಮ್ಮೆ, ಕಾರನ್ನೊಮ್ಮೆ ನೋಡಿದಳು.

"ಹೌದಾ? ಆಯ್ತು. ಸಾರ್, ಇನ್ನೊಂದ್ಸಲ ಓಡಿಸ್ರಿ," ಅಂದಳು.

ಇನ್ನೊಂದ್ಸಲ, ಇನ್ನೊಂದ್ಸಲ ಅಂತ ಎಲ್ಲರೂ ಕೂಗಿದರು. ಸಿರಿಂಜು ಎತ್ತಿಕೊಂಡೆ, ಕಣ್ಣು ಮಂಜಾಗಿ ಕೊಳವೆಯ ಬಾಯಿಯೇ ಕಾಣಲಿಲ್ಲ. "ಕೊಡಪ್ಪ ಇಲ್ಲಿ," ಅಂತ ಮಗಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ನೀರು ತುಂಬತೊಡಗಿದಳು.